ಮಗುವನ್ನು ಬಿಟ್ಟುಕೊಟ್ಟವಳು

ಅಯಾಂಕೆ ಡೋಲು ಬಾರಿಸುವವರ ಮನೆಯಲ್ಲಿ ಹುಟ್ಟಿದವಳು. ಆ ಮನೆತನದ ಗಂಡುಮಕ್ಕಳು ಕಂಕುಳಲ್ಲಿ ಡೋಲು ಒತ್ತಿಕೊಂಡೇ ನಡೆಯಲು ಕಲಿಯುತ್ತಿದ್ದರು. ಹೆಣ್ಣುಮಕ್ಕಳ ಕೈಗೆ ಅದನ್ನು ಕೊಡುತ್ತಿರಲಿಲ್ಲ. ಹಾಗಾಗಿ ಡೋಲು ಆಡುವ ಮಾತನ್ನೆಲ್ಲ ಇವಳು ಗಂಟಲಲ್ಲಿ ಆಡಲು ಕಲಿತಳು. ಎಲ್ಲಿ ದನಿ ಇಳಿಯಬೇಕು, ಎಲ್ಲಿ ಏರಬೇಕು, ಎಲ್ಲಿ ತಡೆದು ನಿಂತರೆ ಕೇಳುವವರ ಉಸಿರೂ ನಿಲ್ಲುತ್ತದೆ ಎಂಬುದು ಅವಳಿಗೆ ಯಾರೂ ಹೇಳಿಕೊಡದೆ ಬಂದದ್ದು.

ನಾನು ಆಗ ಲಮಿದಿಯವರ ನಾಟಕ ಕಂಪನಿಯಲ್ಲಿದ್ದೆ. ವೇಷದ ಬಟ್ಟೆ ಹೊಲಿಯುವುದು, ತಲೆವಸ್ತ್ರ ಕಟ್ಟಿಕೊಡುವುದು, ನೆರೆಮನೆಯ ಹೆಂಗಸಿನ ಪಾತ್ರ ಬಂದರೆ ಅದನ್ನೂ ಮಾಡುವುದು ನನ್ನ ಕೆಲಸ. ಒಶೊಗ್ಬೊ ಪಟ್ಟಣದ ಹತ್ತಿರದ ಅವಳ ಊರಿನಲ್ಲಿ ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು ಆಟ ಹಾಕಿದ್ದೆವು. ಆಟ ಮುಗಿದ ಮೇಲೆ ಹಿಂಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಲಮಿದಿ ಬೆವರು ಒರೆಸಿಕೊಳ್ಳುತ್ತಾ ಕೇಳಿದರು.

“ಏನಮ್ಮಾ, ಮನೆ ದಾರಿ ಮರೆತೋಯ್ತಾ?”

“ಕೆಲಸ ಬೇಕಿತ್ತು.”

“ಏನು ಬರುತ್ತೆ ನಿಂಗೆ?”

“ನೀವು ಇವತ್ತು ಆಡಿದ್ದೆಲ್ಲ ಬರುತ್ತೆ.”

ಹಾಗೆ ಹೇಳಿದವಳೇ ನಾಟಕದ ಹಿರಿಯ ಹೆಂಡತಿಯ ಜಗಳದ ಮಾತನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದಳು. ಆ ಪಾತ್ರ ಮಾಡಿದ್ದವಳು ಲಮಿದಿಯವರ ನಿಜವಾದ ಹೆಂಡತಿ. ಮೂಲೆಯಲ್ಲಿ ಕೂತು ಕೇಳಿದ ಅವಳ ಮುಖ ಸಣ್ಣದಾಯಿತು. ಲಮಿದಿ ನಕ್ಕರು.

“ನಿಮ್ಮಪ್ಪ ಬಿಡ್ತಾನಾ?”

“ಬಿಡಲ್ಲ. ಅದಕ್ಕೇ ಅವರನ್ನ ಕೇಳ್ಬೇಡಿ.”

ಅಪ್ಪ ಕೋಲು ಹಿಡಿದು ಮೂರು ಊರು ಹುಡುಕಿಕೊಂಡು ಬಂದ, ಬೈದ, ಕೊನೆಗೆ ಮಗಳು ವೇದಿಕೆಯ ಮೇಲೆ ನಿಂತದ್ದನ್ನು ನೋಡಿ ಕೋಲು ಕೆಳಗಿಟ್ಟು ವಾಪಸು ಹೋದ. ವರ್ಷ ಕಳೆಯುವುದರೊಳಗೆ ಲಮಿದಿ ಅವಳನ್ನು ಮೂರನೆಯವಳಾಗಿ ಮದುವೆಯಾಗುವ ಮಾತೆತ್ತಿದರು. ನಮ್ಮ ಕಂಪನಿಗಳಲ್ಲಿ ಅದೇನೂ ಹೊಸದಲ್ಲ. ಇವಳು, “ಯಜಮಾನ್ರೇ, ನಿಮ್ಮ ಹೆಂಡ್ತಿ ಪಾತ್ರ ವೇದಿಕೆ ಮೇಲೆ ಎಷ್ಟು ಸಲ ಬೇಕಾದ್ರೂ ಮಾಡ್ತೀನಿ. ಮೆಟ್ಟಿಲು ಇಳಿದ ಮೇಲೆ ಮಾಡಲ್ಲ,” ಎಂದಳು. ಮದುವೆಯಾದದ್ದು ನಮ್ಮ ವ್ಯಾನು ಓಡಿಸುತ್ತಿದ್ದ ಗನಿಯುವನ್ನು. ಒಳ್ಳೆಯವನು. ಮಗಳು ಅರಿನ್ಪೆ ಇನ್ನೂ ಬೆನ್ನ ಮೇಲಿದ್ದಾಗಲೇ ಇಲೊರಿನ್ ರಸ್ತೆಯಲ್ಲಿ ಮರ ಸಾಗಿಸುವ ಲಾರಿಗೆ ಸಿಕ್ಕಿ ಸತ್ತ. ಅವಳು ನಲವತ್ತು ದಿನ ದುಃಖಕ್ಕೆ ಕೂತಳು, ಎದ್ದಳು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮತ್ತೆ ಕಂಪನಿಗೆ ಬಂದಳು.

ಅವಳಿಗೆ ಹೆಸರು ತಂದ ಪಾತ್ರ ಅವಳ ಪಾಲಿಗೆ ಬಂದದ್ದು ಇನ್ನೊಬ್ಬಳು ಬಿಟ್ಟುಹೋದದ್ದರಿಂದ. ಒಂದು ದೊಡ್ಡ ಮನೆಯಲ್ಲಿ ಸವತಿಯರ ಮಕ್ಕಳನ್ನು ಮಾಟದಿಂದ ಒಂದೊಂದಾಗಿ ತಿನ್ನುವ ಅತ್ತೆಯ ಕಥೆ ಅದು. ನಮ್ಮಲ್ಲಿ ಅಂಥವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ನಮ್ಮಮ್ಮಂದಿರು’ ಎನ್ನುತ್ತೇವೆ, ಅದನ್ನೂ ದನಿ ತಗ್ಗಿಸಿ. ಪಾತ್ರ ಮಾಡುತ್ತಿದ್ದ ಮುದುಕಿ ರಾಲಿಯಾಗೆ ಒಂದು ಊರಿನಲ್ಲಿ ಬಾವಿಯ ಹತ್ತಿರ ಜನ ಎಸೆದ ಕಲ್ಲು ಬಿತ್ತು. ಹುಬ್ಬು ಒಡೆಯಿತು. ಅವಳು ವಿಗ್ಗನ್ನು ನನ್ನ ಮಡಿಲಿಗೆ ಹಾಕಿ, “ಇದನ್ನ ನಾನು ಇನ್ನು ಮುಟ್ಟಲ್ಲ,” ಎಂದು ಊರಿಗೆ ಹೋಗಿಬಿಟ್ಟಳು. ಲಮಿದಿ ಸುತ್ತ ನೋಡಿದರು. ಎಲ್ಲರೂ ಬೇರೆ ಬೇರೆ ಕಡೆ ನೋಡಿದರು. ಅಯಾಂಕೆ, “ಕೊಡಿ ಇಲ್ಲಿ,” ಎಂದಳು.

ರಾಲಿಯಾ ಆ ಪಾತ್ರವನ್ನು ಕಿರುಚಿ ಮಾಡುತ್ತಿದ್ದಳು. ಅಯಾಂಕೆ ದನಿಯೇ ಏರಿಸಲಿಲ್ಲ. ಮೆಲ್ಲಗೆ ತೊಟ್ಟಿಲ ಹತ್ತಿರ ಬರುತ್ತಿದ್ದಳು, ಬಗ್ಗುತ್ತಿದ್ದಳು, ನಗುತ್ತಿದ್ದಳು. “ಎಷ್ಟು ಚೆನ್ನಾಗಿದೀಯಲ್ಲೋ ಕಂದಾ. ನಿಮ್ಮಮ್ಮ ನಿಂಗೆ ಹೊಟ್ಟೆ ತುಂಬ ಹಾಲು ಕೊಡ್ತಾಳಾ?” ಅಷ್ಟೇ ಮಾತು. ಸಭಾಂಗಣದಲ್ಲಿ ಕಡಲೆಕಾಯಿ ಒಡೆಯುವ ಸದ್ದು ನಿಂತುಹೋಗುತ್ತಿತ್ತು. ತಾಯಂದಿರು ಸೆರಗಿನಿಂದ ಮಕ್ಕಳ ಮುಖ ಮುಚ್ಚುತ್ತಿದ್ದರು. ಆ ವಿಗ್ಗನ್ನು ಅವಳ ತಲೆಗೆ ಕಟ್ಟಿದವಳು ನಾನೇ, ತೊಟ್ಟಿಲಲ್ಲಿದ್ದದ್ದು ನಾನೇ ಸುತ್ತಿಟ್ಟ ಹಳೇ ಬಟ್ಟೆ. ಆದರೂ ಪರದೆಯ ಪಕ್ಕ ನಿಂತ ನನ್ನ ತೋಳಿನ ಕೂದಲು ಎದ್ದುನಿಲ್ಲುತ್ತಿತ್ತು.

ಆಟ ಮುಗಿದ ಮೇಲೆ ಅವಳು ಮುಖ ಒರೆಸಿಕೊಂಡು ಮುಂದೆ ಬಂದು ಕುಣಿಯುತ್ತಿದ್ದಳು. ಹೆದರಿ ಕೂತಿದ್ದ ಜನವೇ ನಗುತ್ತಾ ಮೇಲೆ ಹತ್ತಿ ಅವಳ ಹಣೆಗೆ ನೋಟು ಅಂಟಿಸುತ್ತಿತ್ತು. “ಅರಿನ್ಪೆ ಅಮ್ಮಾ, ನಮ್ಮ ಜೀವ ಬಾಯಿಗೆ ತಂದ್ಬಿಟ್ಯಲ್ಲೇ,” ಎಂದು ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಿದ್ದರು. ಕಂಪನಿಯಲ್ಲೂ ತಮಾಷೆ. “ಅಯಾಂಕೆ, ನಮ್ಮತ್ತೇನ ತಿಂದ್ಬಿಡೇ, ಮನೇಲಿ ಮರಗೆಣಸಿನ ಗರಿ ಹಿಟ್ಟಾದ್ರೂ ಉಳಿಯುತ್ತೆ,” ಎಂದು ಒಬ್ಬಳು. “ನಿಮ್ಮತ್ತೆ ಮೂಳೆ ಯಾರಿಗೆ ಬೇಕು, ಹಲ್ಲು ಮುರಿಯುತ್ತೆ,” ಎಂದು ಇವಳು.

ಹೀಗೇ ಇದ್ದಿದ್ದರೆ ಚೆನ್ನಾಗಿತ್ತು. ಲಮಿದಿ ಆ ನಾಟಕವನ್ನು ಸಿನಿಮಾ ಮಾಡಿದರು. ಅದರಲ್ಲಿ ಅವಳ ಕಣ್ಣು ಹಳದಿಯಾಗುತ್ತದೆ, ಅವಳ ನೆರಳು ಹಕ್ಕಿಯಾಗಿ ಗೋಡೆಯಿಂದ ಹಾರುತ್ತದೆ. ಮೊದಲ ಸಲ ಅದನ್ನು ಒಂದು ಶಾಲೆಯ ಮೈದಾನದಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದಾಗ ನಾನೂ ಅವಳೂ ಜನರ ನಡುವೆ ಹಿಂದೆ ಕೂತಿದ್ದೆವು. ತೊಟ್ಟಿಲಿನ ಜಾಗ ಬಂತು. ಪಕ್ಕದಲ್ಲಿದ್ದ ಹೆಂಗಸು ಹೆದರಿ ಅಯಾಂಕೆಯ ತೋಳು ಹಿಡಿದುಕೊಂಡಳು. ಹಿಡಿದುಕೊಂಡೇ ತಿರುಗಿ ನೋಡಿದಳು. ಪರದೆಯ ಬೆಳಕು ಅಯಾಂಕೆಯ ಮುಖದ ಮೇಲಿತ್ತು. ಆ ಹೆಂಗಸು ಕೈ ತೆಗೆದು, ತನ್ನ ಬಟ್ಟೆಗೆ ಒರೆಸಿಕೊಂಡು, ಮಕ್ಕಳನ್ನು ಎಳೆದುಕೊಂಡು ಎದ್ದುಹೋದಳು. ಸಿನಿಮಾ ಮುಗಿಯಿತು, ಬೆಳಕು ಆರಿತು, ಜನ ಮನೆಗೆ ಹೋದರು. ಮುಂದೆ ಬಂದು ಕುಣಿಯಲು ಅಲ್ಲಿ ವೇದಿಕೆಯೇ ಇರಲಿಲ್ಲ.

ಆಮೇಲೆ ವಿಡಿಯೋ ಕ್ಯಾಸೆಟ್ಟು ಬಂತು. ನಾವು ಎಂದೂ ಹೆಜ್ಜೆ ಇಡದ ಊರುಗಳಿಗೆ ಅವಳ ಮುಖ ಹೋಯಿತು. ವ್ಯಾನಿನಲ್ಲಿ ಅವಳು ಹತ್ತಿದರೆ ಪಕ್ಕದವರು ಇಳಿಯುತ್ತಿದ್ದರು. ಅಕಾರ ವಡೆ ಕರಿಯುವವಳು ಬಾಣಲೆಯ ಮೇಲೆ ಮುಚ್ಚಳ ಎಳೆಯುತ್ತಿದ್ದಳು. ಮೊದಮೊದಲು ನಾವು ನಕ್ಕೆವು. ಲಮಿದಿ, “ಇದಕ್ಕಿಂತ ದೊಡ್ಡ ಬಹುಮಾನ ಏನಿದೆ ಹೇಳು,” ಎಂದರು. ಅಯಾಂಕೆಯೂ ನಕ್ಕಳು. ಆದರೆ ಅವಳ ನಡಿಗೆ ಬದಲಾದದ್ದನ್ನು ನಾನು ಗಮನಿಸಿದೆ. ಬಸುರಿ ಎದುರು ಬಂದರೆ ರಸ್ತೆ ದಾಟುತ್ತಿದ್ದಳು. ಮಕ್ಕಳು ಕಂಡರೆ ನೆಲ ನೋಡುತ್ತಿದ್ದಳು. ಸಂತೆಯಲ್ಲಿ ಕೈ ಎರಡನ್ನೂ ಬಟ್ಟೆಯೊಳಗೆ ಇಟ್ಟುಕೊಂಡು, ಬೇಕಾದದ್ದನ್ನು ಗಲ್ಲದಿಂದ ತೋರಿಸುತ್ತಿದ್ದಳು.

“ಯಾಕೆ ಹೀಗೆ?” ಎಂದೆ.

“ನಾನು ಮುಟ್ಟಿದ ಟೊಮೇಟೊ ಮಾರೋಳು ಆಮೇಲೆ ಎಸೆದ್ಲು, ಸಿಕಿರಾ ಅಕ್ಕ. ನಾನು ನೋಡ್ದೆ.”

ಆಗ ಅವಳು ಒಕೆ ಅಯೊ ಎಂಬ ಕೇರಿಯ ಒಂದು ಬಾಡಿಗೆ ಮನೆಯಲ್ಲಿದ್ದಳು. ನಡುವೆ ಉದ್ದದ ಓಣಿ, ಎರಡೂ ಕಡೆ ಎದುರುಬದುರು ಕೋಣೆಗಳು, ಕೋಣೆಗೊಂದು ಸಂಸಾರ, ಹಿಂದೆ ಎಲ್ಲರಿಗೂ ಒಂದೇ ಅಂಗಳ. ಎದುರು ಕೋಣೆಯಲ್ಲಿ ಮುಲಿಕಾ ಎಂಬ ಚಿಕ್ಕ ವಯಸ್ಸಿನ ತಾಯಿ. ಗಂಡ ವಾಸಿಯು ಬಡಗಿ. ಅವರ ಹೆಣ್ಣುಮಗು ಶೆರಿಫಾ, ಆಗಷ್ಟೇ ಕೂರಲು ಕಲಿಯುತ್ತಿತ್ತು. ಆ ಮನೆಯಲ್ಲಿ ಅಯಾಂಕೆಯ ಕೈಗೆ ಮಗು ಕೊಡುತ್ತಿದ್ದವಳು ಮುಲಿಕಾ ಒಬ್ಬಳೇ.

“ನಿಮ್ಮ ಸಿನಿಮಾ ನಾನು ನೋಡಿಲ್ಲ ಬಿಡಿ. ನಮ್ಮನೇಲಿ ಟಿವಿ ಎಲ್ಲಿದೆ?” ಎನ್ನುತ್ತಿದ್ದಳು. ಅಯಾಂಕೆ ಮಗುವನ್ನು ಮೊಣಕಾಲ ಮೇಲೆ ಕೂರಿಸಿಕೊಂಡು ಡೋಲಿನ ದನಿಯಲ್ಲಿ ಅದರ ಹೆಸರು ಕರೆಯುವಳು. ಮಗು ಕೇಕೆ ಹಾಕಿ ನಗುವುದು. ಅಂಥ ಹೊತ್ತಿನಲ್ಲಿ ಮಾತ್ರ ಅವಳ ಭುಜ ಸಡಿಲವಾಗಿದ್ದದ್ದನ್ನು ನಾನು ನೋಡಿದ್ದೇನೆ.

ವಾಸಿಯು ಟಿವಿ ತಂದ. ಅದಾದ ಮೇಲೆ ಮುಲಿಕಾ ಮಗುವನ್ನು ಕರೆದುಕೊಂಡು ಬರಲಿಲ್ಲ. ಬಾಗಿಲಿಗೆ ಪರದೆ ಬಂತು, ಪರದೆಯ ಹಿಂದೆ ಬಾಗಿಲೂ ಮುಚ್ಚಿಕೊಂಡಿತು.

ಮಳೆಗಾಲದ ನಡುವೆ ಮಗುವಿಗೆ ಜ್ವರ ಬಂತು. ಎದುರು ಕೋಣೆಯಿಂದ ಅಳು ಕೇಳುತ್ತಿತ್ತು. ಮೊದಲು ಸಿಟ್ಟಿನ ಅಳು, ಆಮೇಲೆ ಸಣ್ಣ ಅಳು. ಅರಿನ್ಪೆಗೆ ಚಿಕ್ಕಂದಿನಲ್ಲಿ ಇದೇ ಜ್ವರ ತಲೆಗೇರಿ ಕಣ್ಣು ಮೇಲಾಗಿ ಸೆಟೆದುಕೊಂಡಿದ್ದನ್ನು ಅಯಾಂಕೆ ಮರೆತಿರಲಿಲ್ಲ. ತಡೆಯಲಾರದೆ ಎದುರು ಬಾಗಿಲಿಗೆ ಹೋಗಿ ಹೊರಗಿನಿಂದಲೇ ಹೇಳಿದಳು.

“ಮುಲಿಕಾ, ಇದು ಮನೆ ಕಷಾಯಕ್ಕೆ ಬಗ್ಗೋ ಜ್ವರ ಅಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗು. ಇಲ್ದಿದ್ರೆ ಮಗು ಸೆಟೆದುಕೊಳ್ಳುತ್ತೆ.”

ಒಳಗಿನಿಂದ ಚಿಲಕ ಬಿತ್ತು. ಮಾರನೆಯ ದಿನ ಮಗು ಸೆಟೆದುಕೊಂಡಿತು.

ಆ ದಿನ ನಾನು ಅಲ್ಲೇ ಇದ್ದೆ. ಅರಿನ್ಪೆಗೆ ಹಬ್ಬದ ಬಟ್ಟೆ ಅಳತೆ ತೆಗೆಯಲು ಹೋಗಿದ್ದೆ. ಮಧ್ಯಾಹ್ನ. ಅಮಾಲದ ಮುದ್ದೆ ಇನ್ನೂ ತಟ್ಟೆಯಲ್ಲಿ ಬಿಸಿಯಾಗಿತ್ತು. ಎದುರು ಕೋಣೆಯಲ್ಲಿ ವಾಸಿಯುವಿನ ತಾಯಿಯ ದನಿ ಎದ್ದಿತು. ಅವಳು ಹಳ್ಳಿಯಿಂದ ಬಂದಿದ್ದಳು.

“ಅವಳಿಗೆ ಹೇಗೆ ಗೊತ್ತಾಯ್ತು? ಆಗೋಕ್ ಮುಂಚೆ ಬಾಗಿಲಿಗೆ ಬಂದು ಹೇಳೋದಕ್ಕೆ ಅವಳಿಗೆ ಹೇಗೆ ಗೊತ್ತಾಯ್ತು, ಕೇಳು ನಿನ್ ಹೆಂಡ್ತೀನ.”

ಅಯಾಂಕೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. ನಾನು ಬಾಗಿಲ ಚಿಲಕ ಹಾಕಿದೆ.

ಜನ ಎಲ್ಲಿಂದ ಬರುತ್ತಾರೆ ಎನ್ನುವುದು ತಿಳಿಯುವುದಿಲ್ಲ. ಮೊದಲು ಕಾಲಿನ ಸದ್ದು, ಆಮೇಲೆ ಓಣಿ ತುಂಬ ಉಸಿರು. ಯಾರೋ ಬಾಗಿಲಿಗೆ ಅಂಗೈಯಿಂದ ಹೊಡೆದರು. ಗಂಡಸೊಬ್ಬ ದೇವರ ಹೆಸರು ಹಿಡಿದು ಗಟ್ಟಿಯಾಗಿ ಪ್ರಾರ್ಥಿಸತೊಡಗಿದ. “ಹೊರಗೆ ಬಾ, ಮಕ್ಕಳನ್ನ ತಿನ್ನೋಳೇ,” ಎಂದಳು ಒಬ್ಬಳು. ಆ ದನಿ ನನಗೆ ಗೊತ್ತಿತ್ತು, ಬೆಳಿಗ್ಗೆ ತಾನೇ ನನಗೆ ನೀರು ಸೇದಿಕೊಟ್ಟವಳು. ನಡುವೆ ಇನ್ನೊಂದು ಸದ್ದು ಬಂತು. ಸಿಮೆಂಟಿನ ನೆಲದ ಮೇಲೆ ಏನೋ ಉರುಳಿಕೊಂಡು ಬಂದು, ಬಾಗಿಲ ಹತ್ತಿರ ತತ್ತರಿಸಿ ಮಲಗಿತು. ಟೈರು. ಕತ್ತಿಗೆ ಹಾಕಿ ಬೆಂಕಿ ಹಚ್ಚಲು ತಂದದ್ದು. ಅದರ ಹಿಂದೆಯೇ ಪೆಟ್ರೋಲಿನ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು.

ಅರಿನ್ಪೆ ಮಂಚದ ಕೆಳಗೆ ತೂರಿಕೊಂಡಳು. ನಾನು ಗೋಡೆ ಹಿಡಿದು ಕೂತೆ. ಅಯಾಂಕೆ ಧೈರ್ಯವಂತೆ ಎಂದು ಆಮೇಲೆ ಕಂಪನಿಯವರು ಹೇಳಿದ್ದುಂಟು. ಅವಳ ಕಾಲ ಕೆಳಗೆ ನೆಲ ಒದ್ದೆಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

“ಸಿಕಿರಾ ಅಕ್ಕ,” ಎಂದಳು, “ನಾಲಿಗೆ ಒಣಗಿದೆ. ನೀರು.”

ಕೊಟ್ಟೆ. ಕುಡಿಯುತ್ತಾ ತಡೆದು ನಿಂತಳು, ಕಿವಿಗೊಟ್ಟಳು.

“ಮಗು ಅಳ್ತಿಲ್ಲ.”

“ನಿನ್ ಜೀವ ನೋಡ್ಕೋ ಈಗ.”

“ಮಗು ಅಳ್ತಿಲ್ಲ, ಅಕ್ಕ. ಹೊತ್ತಾಗ್ತಿದೆ.”

ಅವಳು ತಲೆವಸ್ತ್ರ ಬಿಚ್ಚಿದಳು. ಕೂದಲು ಕೆದರಿಕೊಂಡಳು. ಅವಳ ಬೆನ್ನು ನಿಧಾನವಾಗಿ ಬಗ್ಗಿತು, ಒಂದು ಭುಜ ಇಳಿಯಿತು. ಪರದೆಯ ಪಕ್ಕ ನಿಂತು ಎಷ್ಟೋ ಸಲ ಕಂಡ ಬದಲಾವಣೆ ಅದು. ಬರಿಯ ಕೋಣೆಯಲ್ಲಿ, ಹಗಲು ಬೆಳಕಿನಲ್ಲಿ ಅದನ್ನು ಕಂಡು ನನಗೆ ಹೊರಗಿನವರಿಗಿಂತ ಒಳಗಿದ್ದವಳ ಭಯ ಹೆಚ್ಚಾಯಿತು. ಅವಳು ಚಿಲಕ ತೆಗೆದಳು.

ಬಾಗಿಲು ತೆರೆದದ್ದೇ ಮುಂದಿನ ಸಾಲು ಹಿಂದೆ ಸರಿಯಿತು, ಹಿಂದಿನವರ ಕಾಲು ತುಳಿಯಿತು. ಅವಳು ಟೈರನ್ನು ನೋಡಿದಳು, ಸೀಸೆ ಹಿಡಿದಿದ್ದ ಯುವಕನನ್ನು ನೋಡಿದಳು.

“ಯಾರ ಮಗನೋ ನೀನು?” ಎಂದಳು, ಮೆಲ್ಲಗೆ. ಅವನು ಸೀಸೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ವಾಸಿಯುವಿನ ತಾಯಿ ಎದುರು ಬಾಗಿಲಲ್ಲಿದ್ದಳು. “ನನ್ ಮೊಮ್ಮಗಳನ್ನ ಬಿಡು,” ಎಂದಳು. “ನಿನ್ ಕಾಲಿಗೆ ಬೀಳ್ತೀನಿ, ಅವಳನ್ನ ಬಿಟ್ಬಿಡು.”

“ಬಿಡ್ತೀನಿ.”

ಓಣಿಯೊಳಗೆ ಒಂದು ಅಲೆ ಹೋದಂತಾಯಿತು. “ಒಪ್ಕೊಂಡ್ಲು,” “ಕೇಳಿಸ್ಕೊಂಡ್ರಾ, ಒಪ್ಕೊಂಡ್ಲು,” ಎಂದು ಬಾಯಿಂದ ಬಾಯಿಗೆ ಹೋಯಿತು. ಅವಳು ಕೈ ಎತ್ತಿದಳು. ಸದ್ದಡಗಿತು.

“ನಾನು ಹಾಕಿದ ಗಂಟು ಈ ಮನೇಲಿ ಬಿಚ್ಚಲ್ಲ. ದೊಡ್ಡ ರಸ್ತೆಯ ಆಸ್ಪತ್ರೆ ಹೊಸ್ತಿಲು ದಾಟಿದ್ರೆ ಅರ್ಧ ಬಿಚ್ಚುತ್ತೆ. ಬಿಳಿ ಬಟ್ಟೆಯವರು ಸೂಜಿ ಚುಚ್ಚಿದ್ರೆ ಪೂರ್ತಿ ಬಿಚ್ಚುತ್ತೆ. ಅವರು ಕೊಟ್ಟ ಔಷಧಿ ಒಂದು ಹೊತ್ತು ತಪ್ಪಿದ್ರೂ ಮತ್ತೆ ಬೀಳುತ್ತೆ. ಈಗಲೇ ಹೊರಡಬೇಕು, ಓಡ್ಕೊಂಡು ಹೋಗಬೇಕು.” ಒಂದು ಉಸಿರು ತಡೆದಳು. “ನನ್ ಮೈ ಮೇಲೆ ಯಾರಾದ್ರೂ ಕೈ ಹಾಕಿದ್ರೆ ಗಂಟು ನನ್ ಜೊತೇಲೇ ಸುಟ್ಟುಹೋಗುತ್ತೆ. ಆಮೇಲೆ ಬಿಚ್ಚೋರು ಯಾರೂ ಇರಲ್ಲ.”

ಮೊದಲು ಓಡಿದವಳು ಮುಲಿಕಾ. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎದೆಗವಚಿಕೊಂಡು ಜನರನ್ನು ತಳ್ಳಿಕೊಂಡು ಹೋದಳು. ವಾಸಿಯು ಹಿಂದೆ. ಹೊರಗೆ ಯಾರದೋ ಮೋಟರ್‌ಸೈಕಲ್ಲು ಶುರುವಾದ ಸದ್ದು ಕೇಳಿತು.

ಆದರೆ ಜನ ಚದುರಲಿಲ್ಲ. ಪ್ರಾರ್ಥನೆ ಮಾಡುತ್ತಿದ್ದ ಗಂಡಸು, “ಸುದ್ದಿ ಬರೋ ತನಕ ಇವಳು ಎಲ್ಲೂ ಹೋಗಬಾರದು,” ಎಂದ. ಅವಳನ್ನು ಹಿಂದಿನ ಅಂಗಳಕ್ಕೆ ಕರೆದೊಯ್ದರು. ಯಾರೂ ಮುಟ್ಟಲಿಲ್ಲ, ಬಡಗಿಯ ಮರದ ತುಂಡುಗಳಿಂದ ದಾರಿ ತೋರಿಸಿದರು ಅಷ್ಟೆ. ಮಾವಿನ ಮರದ ಕೆಳಗೆ ಒಂದು ಮಗುಚಿಟ್ಟ ಮರದ ಒರಳಿತ್ತು. ಅವಳು ಅದರ ಮೇಲೆ ಕೂತಳು. ಒಬ್ಬ ಟೈರನ್ನು ಉರುಳಿಸಿಕೊಂಡು ಬಂದು ಅವಳ ಎದುರಿಗೆ ಇಟ್ಟ. ನಾನು ಅರಿನ್ಪೆಯ ಮುಖವನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ಗೋಡೆಯ ಪಕ್ಕ ನಿಂತೆ.

ಕಾಯುವುದು ಶುರುವಾಯಿತು. ಮಗು ದಾರಿಯಲ್ಲೇ ಹೋಗಿಬಿಟ್ಟಿದ್ದರೆ? ಆಸ್ಪತ್ರೆಯಲ್ಲಿ ಡಾಕ್ಟರು ಇಲ್ಲದಿದ್ದರೆ? ಅವಳ ಜೀವ ಈಗ ಆ ಪುಟ್ಟ ಎದೆಯ ಏರಿಳಿತಕ್ಕೆ ಕಟ್ಟಿಬಿದ್ದಿತ್ತು. ಅವಳು ಪಾತ್ರ ಬಿಡಲಿಲ್ಲ. ವೇದಿಕೆಯ ಮೇಲೆ ಆ ಮುದುಕಿ ಕಾಣಿಸುತ್ತಿದ್ದದ್ದು ಸ್ವಲ್ಪ ಹೊತ್ತು. ಇಲ್ಲಿ ನೊಣ ಬಂದು ತುಟಿಯ ಮೇಲೆ ಕೂತರೂ ಓಡಿಸುವಂತಿಲ್ಲ, ಮಗಳ ಕಡೆ ತಿರುಗುವಂತಿಲ್ಲ, ಅಳುವಂತಿಲ್ಲ. ಅವಳ ಕತ್ತಿನ ನರ ಮಾತ್ರ ಹಾರುತ್ತಿತ್ತು. ದೂರದಿಂದ ನನಗೆ ಅದು ಕಾಣುತ್ತಿತ್ತು. ಬೇರೆಯವರಿಗೆ ಕಾಣದಿರಲಿ ಎಂದುಕೊಳ್ಳುತ್ತಿದ್ದೆ.

ಸೀಸೆ ಹಿಡಿದಿದ್ದ ಯುವಕ ಸ್ವಲ್ಪ ಹೊತ್ತಿನ ಮೇಲೆ ಹತ್ತಿರ ಬಂದ. ಅವನ ಕಣ್ಣು ಕೆಂಪಾಗಿತ್ತು.

“ಅಮ್ಮಾ, ನಮ್ಮಣ್ಣನ್ನೂ ನೀವೇ ತಿಂದಿದ್ದಾ? ತೈಯೆ ಅಂತ ಅವನ ಹೆಸರು. ಕಳೆದ ವರ್ಷ.”

ಅಯಾಂಕೆ ಅವನನ್ನು ನೋಡಿದಳು. ಅವಳ ಮುಖ ಒಂದು ಕ್ಷಣ ಸಡಿಲಗೊಂಡಿತು.

“ನಾನಲ್ಲಪ್ಪ,” ಎಂದಳು. “ನಿಮ್ಮಣ್ಣ ನನ್ ಹತ್ರ ಬಂದಿಲ್ಲ.”

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತ. ಅವನು ಎದ್ದುಹೋದ ಮೇಲೆ ಮೂಲೆಯ ಕೋಣೆಯ ಹೆಂಗಸು ಮೊಣಕಾಲೂರಿದಳು. ಸ್ವಲ್ಪ ಹೊತ್ತಿನ ಹಿಂದೆ ಬಾಗಿಲಲ್ಲಿ ಬೈದವಳೇ. ತಗ್ಗಿದ ದನಿಯಲ್ಲಿ, “ಮದುವೆಯಾಗಿ ಎಷ್ಟು ವರ್ಷ ಆಯ್ತು ನಿಮಗೇ ಗೊತ್ತು. ನನ್ ಹೊಟ್ಟೆ ಕಟ್ಟಿದ್ದು ನೀವಾದ್ರೆ ಬಿಚ್ಚಿಬಿಡಿ. ನಾನು ಯಾರಿಗೂ ಹೇಳಲ್ಲ,” ಎಂದಳು. ಅಯಾಂಕೆ ಕಣ್ಣು ಮುಚ್ಚಿಕೊಂಡಳು. ಹೂಂ ಅಂದರೂ ತಪ್ಪು, ಉಹೂಂ ಅಂದರೂ ತಪ್ಪು. “ನೀನೂ ಆ ಆಸ್ಪತ್ರೆಗೇ ಹೋಗು,” ಎಂದಳು ಕೊನೆಗೆ. ಆ ಹೆಂಗಸು ಹಣೆ ನೆಲಕ್ಕೆ ಮುಟ್ಟಿಸಿ ಎದ್ದಳು.

ನೆರಳು ಮರದಿಂದ ಗೋಡೆಗೆ ಹೋದ ಹೊತ್ತಿಗೆ ಮೋಟರ್‌ಸೈಕಲ್ಲು ಮರಳಿ ಬಂತು. ಓಡಿಸುತ್ತಿದ್ದವನು ಇಳಿಯುವ ಮೊದಲೇ ಜನ ಅವನನ್ನು ಮುತ್ತಿದರು. ನನಗೆ ಮಾತು ಕೇಳಿಸಲಿಲ್ಲ. ಅಯಾಂಕೆಗೂ ಕೇಳಿಸಲಿಲ್ಲ. ಅವಳು ಒರಳಿನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು.

“ಉಸಿರಾಡ್ತಿದೆ,” ಎಂದ ಅವನು ಜನರ ನಡುವಿನಿಂದ. “ಸೂಜಿ ಚುಚ್ಚಿ ಬಾಟ್ಲಿ ಹಾಕಿದ್ರು. ಕಣ್ಣು ಬಿಡ್ತು. ಅಮ್ಮನ್ನ ಗುರುತು ಹಿಡೀತು.”

ಯಾರೂ ನಗಲಿಲ್ಲ. ಸಂತೋಷ ಪಡುವ ಬದಲು ಎಲ್ಲರೂ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರು. ವಾಸಿಯುವಿನ ತಾಯಿ, “ನೋಡಿದ್ರಾ? ಬಿಡ್ತೀನಿ ಅಂದ್ಲು, ಬಿಟ್ಲು,” ಎಂದಳು. ಮಗು ಸತ್ತಿದ್ದರೆ ಅವಳು ಕೊಂದಳು ಎನ್ನುತ್ತಿದ್ದರು. ಉಳಿದದ್ದರಿಂದ ಅವಳೇ ಹಿಡಿದಿದ್ದಳು ಎಂದು ಗಟ್ಟಿಯಾಯಿತು. ಇದು ಆ ಅಂಗಳದಲ್ಲಿ ನನಗೆ ಹೊಳೆಯಲಿಲ್ಲ. ಅವಳಿಗೆ ಬಾಗಿಲು ತೆರೆಯುವ ಮೊದಲೇ ಹೊಳೆದಿತ್ತು ಎಂದು ಆಮೇಲೆ ಹೇಳಿದಳು.

ಕತ್ತಲಾಗುವುದರೊಳಗೆ ಊರು ಬಿಡಬೇಕು ಎಂದರು. ಒಂದು ಗಂಟು ಬಟ್ಟೆ ಕಟ್ಟಿಕೊಂಡು ನಾವು ಮೂವರೂ ವ್ಯಾನು ನಿಲ್ಲುವ ಜಾಗಕ್ಕೆ ನಡೆದೆವು. ರಸ್ತೆಯ ಎರಡೂ ಕಡೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ಇಬಾದಾನಿನ ವ್ಯಾನು ಹೊರಟು ಊರಿನ ಕೊನೆಯ ಮನೆ ದಾಟಿದ ಮೇಲೆ ಅವಳ ಬೆನ್ನು ನೆಟ್ಟಗಾಯಿತು. ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ಅರಿನ್ಪೆ ನನ್ನ ಆ ಕಡೆ ಕೂತಿದ್ದಳು. ಅಮ್ಮನ ಪಕ್ಕ ಕೂರಲು ಒಪ್ಪಿರಲಿಲ್ಲ.

“ಅಮ್ಮಾ,” ಎಂದಳು ತುಂಬ ಹೊತ್ತಿನ ಮೇಲೆ. “ನಿಜಾನಾ?”

“ಪಾತ್ರ ಕಣೇ. ನೀನೇ ನೋಡಿದೀಯಲ್ಲ ಎಷ್ಟು ಸಲ.”

“ಹಾಗಾದ್ರೆ ಮಗು ಹೇಗೆ ಉಳೀತು?”

“ಡಾಕ್ಟ್ರು ಉಳಿಸಿದ್ರು.”

ಹುಡುಗಿ ಅದನ್ನು ಯೋಚಿಸಿದಳು. ಅಮ್ಮನ ಕೈಯನ್ನೇ ನೋಡುತ್ತಿದ್ದಳು. ಆ ಕೈಯನ್ನು ಮತ್ತೆ ಹಿಡಿಯಲು ಅವಳಿಗೆ ಎಷ್ಟೋ ತಿಂಗಳು ಬೇಕಾಯಿತು.

ಇಬಾದಾನಿನಲ್ಲಿ ನನ್ನ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ನಾವು ಮೂವರೂ ಉಳಿದೆವು. ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಒಂದು ದಿನ ಲಮಿದಿ ಬಂದರು, ಎರಡನೆಯ ಸಿನಿಮಾ ಮಾಡೋಣ ಎಂದರು.

“ಈಗ ಮಾಡಿದ್ರೆ ಜನ ಬಾಗಿಲು ಮುರ್ಕೊಂಡು ಬರ್ತಾರೆ, ಅಯಾಂಕೆ.”

“ನಮ್ಮ ಬಾಗಿಲಿಗೆ ಬಂದಿದ್ರು, ಯಜಮಾನ್ರೇ. ನೀವು ಅಲ್ಲಿರ್ಲಿಲ್ಲ.”

ಅವರು ಟೋಪಿ ಎತ್ತಿಕೊಂಡು ಹೋದರು. ಆಮೇಲೆ ಅವರೇ ಯಾರಿಗೋ ಹೇಳಿ ರೇಡಿಯೋ ನಾಟಕದಲ್ಲಿ ಅವಳಿಗೆ ಕೆಲಸ ಕೊಡಿಸಿದರು, ಅದನ್ನು ನಾನು ಹೇಳಲೇಬೇಕು. ಬೇರೆ ಹೆಸರಿನಲ್ಲಿ ಅವಳು ವರ್ಷಗಟ್ಟಲೆ ಒಬ್ಬ ಒಳ್ಳೆಯ ಅಜ್ಜಿಯ ದನಿಯಾದಳು. ಸಂತೆಯಲ್ಲಿ ಹೆಂಗಸರು ಆ ಅಜ್ಜಿಯ ಮಾತು ಹೇಳಿಕೊಂಡು ನಗುವಾಗ ಇವಳು ತಲೆವಸ್ತ್ರ ಹುಬ್ಬಿನವರೆಗೆ ಎಳೆದುಕೊಂಡು ಪಕ್ಕದಲ್ಲೇ ಮೆಣಸಿನಕಾಯಿ ಆರಿಸುತ್ತಿದ್ದಳು. ಬಾಗಿಲು ಬಡಿದರೆ ಇವತ್ತಿಗೂ ಅವಳು ಎದ್ದು ತೆರೆಯುವುದಿಲ್ಲ. ಯಾರು ಎಂದು ನಾನು ಕೇಳಿ ಹೇಳಬೇಕು.

ಊರು ಬಿಟ್ಟ ಮುಂದಿನ ವರ್ಷ ಅದೇ ಮಳೆಗಾಲದಲ್ಲಿ ಒಬ್ಬ ವ್ಯಾನು ಡ್ರೈವರು ಮನೆ ಹುಡುಕಿಕೊಂಡು ಬಂದ. ಕಾಲು ಕಟ್ಟಿದ ಒಂದು ಕೋಳಿ, ಒಂದು ಸೀಸೆ ತಾಳೆಎಣ್ಣೆ. “ಶೆರಿಫಾ ಮನೆಯವರು ಕಳಿಸಿದ್ದಾರೆ,” ಎಂದ. ಹೊಸ್ತಿಲ ಆಚೆಯೇ ಇಟ್ಟು, ತಿರುಗಿ ನೋಡದೆ ಹೋದ.

ನಾನು ಮೊದಲು ಖುಷಿಪಟ್ಟೆ. “ಬುದ್ಧಿ ಬಂತು ನೋಡು, ಉಪಕಾರ ನೆನೆಸ್ಕೊಂಡಿದ್ದಾರೆ.”

ಅಯಾಂಕೆಯ ಮುಖ ಬೂದಿಯಾಗಿತ್ತು. “ಉಪಕಾರ ಅಲ್ಲ ಅಕ್ಕ. ಮಗೂನ ಮತ್ತೆ ಹಿಡಿಬೇಡ ಅಂತ ಕಳಿಸಿದ್ದಾರೆ.”

“ವಾಪಸ್ ಕಳಿಸಿಬಿಡು ಹಾಗಾದ್ರೆ.”

“ವಾಪಸ್ ಕಳಿಸಿದ್ರೆ ಕಾಣಿಕೆ ಒಪ್ಪಲಿಲ್ಲ ಅಂತಾಗುತ್ತೆ. ಆ ಹುಡುಗಿ ತಾಯಿ ಎದೆ ಒಡ್ಕೊಂಡು ಸಾಯ್ತಾಳೆ.”

ಅವಳು ಆ ಕೋಳಿಯನ್ನು ತಿನ್ನಲಿಲ್ಲ, ನಮಗೂ ತಿನ್ನಲು ಬಿಡಲಿಲ್ಲ. ಪ್ರತಿ ವರ್ಷ ಬಂತು. ಪ್ರತಿ ವರ್ಷ ಬಿಚ್ಚಿ ಅಂಗಳಕ್ಕೆ ಬಿಟ್ಟಳು. ಆಮೇಲೆ ಒಂದು ವರ್ಷ ಮಳೆ ಬಂತು, ಗೆಣಸಿನ ಹಬ್ಬ ಮುಗಿಯಿತು, ಕೋಳಿ ಬರಲಿಲ್ಲ.

ಒಳ್ಳೆಯದಾಯಿತು ಎಂದೆ. ಅವಳು ಊಟ ಬಿಟ್ಟಳು. ರೇಡಿಯೋ ನಿಲಯದಲ್ಲಿ ಪಾತ್ರದ ಮಾತು ಮರೆತಳು. “ಹುಡುಗಿಗೆ ಏನಾಗಿದೆ?” ಎಂದು ಒಂದೇ ಮಾತು. ಡ್ರೈವರನನ್ನು ಕೇಳುವಂತಿಲ್ಲ. ಕೇಳಿದರೆ ಬೆದರಿಕೆ ಎಂದುಕೊಳ್ಳುತ್ತಾರೆ. ಕೊನೆಗೆ ನಾನೇ ಹೋದೆ.

ಒಕೆ ಅಯೊದ ಆ ಮನೆಗೆ ಹೊಸ ತಗಡು ಬಂದಿತ್ತು. ಮುಂದಿನ ಕಟ್ಟೆಯ ಮೇಲೆ ಸ್ಕೂಲ್ ಯೂನಿಫಾರ್ಮಿನ ಉದ್ದ ಕಾಲಿನ ಹುಡುಗಿಯೊಬ್ಬಳು ಕೂತು ಗೆಳತಿಯ ಜಡೆ ಹೆಣೆಯುತ್ತಿದ್ದಳು. ನೋಡಿದ ಕೂಡಲೇ ಗೊತ್ತಾಯಿತು, ಅದೇ ಕಣ್ಣು. ನಾನು ಏನೂ ಮಾತಾಡದೆ ಹಿಂತಿರುಗಬೇಕೆಂದಿದ್ದೆ. ಅಷ್ಟರಲ್ಲಿ ಮುಲಿಕಾ ಬಾಗಿಲಿಗೆ ಬಂದಳು. ನನ್ನನ್ನು ಕಂಡು ಕೈಯಲ್ಲಿದ್ದ ಪಾತ್ರೆ ಬೀಳಿಸಿದಳು. ಬೀದಿಯಲ್ಲೇ ಮೊಣಕಾಲೂರಿದಳು.

“ಕಳಿಸ್ತೀನಿ, ಅಮ್ಮಾ, ಕಳಿಸ್ತೀನಿ. ಡ್ರೈವರ್ ಕಾಲು ಮುರ್ಕೊಂಡ. ಬೇರೆ ಯಾರೂ ಸಿಗ್ಲಿಲ್ಲ. ನಾವು ಮರೆತಿಲ್ಲ ಅಂತ ಅವರಿಗೆ ಹೇಳಿ.”

“ಏಳಮ್ಮಾ. ಅವಳು ಏನೂ ಕೇಳಿಲ್ಲ. ಹುಡುಗಿ ಚೆನ್ನಾಗಿದಾಳಾ ಅಂತ ನೋಡ್ಕೊಂಡು ಬಾ ಅಂದ್ಲು, ಅಷ್ಟೆ.”

ಅದನ್ನು ನಾನು ಹೇಳಬಾರದಿತ್ತು. ಮುಲಿಕಾ ಎದ್ದು ಓಡಿಹೋಗಿ ಮಗಳನ್ನು ತೆಕ್ಕೆಯಲ್ಲಿ ಹಿಡಿದುಕೊಂಡಳು. ಹುಡುಗಿ, “ಏನಮ್ಮಾ, ಬಿಡು, ನೋಯ್ತಿದೆ,” ಎನ್ನುತ್ತಿದ್ದಳು.

ಮನೆಗೆ ಬಂದು ಅಯಾಂಕೆಗೆ ಎಲ್ಲವನ್ನೂ ಹೇಳಿದೆ, ಮೊಣಕಾಲೂರಿದ್ದನ್ನೂ ಬಿಡಲಿಲ್ಲ. ಅವಳು ಕೊನೆಯವರೆಗೆ ಕೇಳಿದಳು.

“ಎಷ್ಟು ಎತ್ತರ ಇದಾಳೆ?”

ಎದ್ದು ನಿಂತು ನನ್ನ ಭುಜದ ಹತ್ತಿರ ಕೈ ಇಟ್ಟು ತೋರಿಸಿದೆ. ಆ ಕೈಯನ್ನು ಅವಳು ತುಂಬ ಹೊತ್ತು ನೋಡಿದಳು.

ಅದೇ ವಾರ ಕೋಳಿ ಬಂತು, ಒಂದರ ಬದಲು ಎರಡು. ಈಗಲೂ ಬರುತ್ತವೆ. ಅಯಾಂಕೆಗೆ ಅಷ್ಟೇನೂ ವಯಸ್ಸಾಗಿಲ್ಲ, ಆದರೂ ಕೂದಲು ಪೂರ್ತಿ ಬೆಳ್ಳಗಾಗಿದೆ. ಬೆಳಿಗ್ಗೆ ಪ್ರಾರ್ಥನೆ ಮಾಡುವಾಗ ಮೊದಲು ಅರಿನ್ಪೆಯ ಹೆಸರು ಹೇಳುತ್ತಾಳೆ, ಆಮೇಲೆ ಶೆರಿಫಾಳ ಹೆಸರು. ಆ ಹುಡುಗಿಗೆ ಜ್ವರ ಬರದಿರಲಿ, ಅವಳು ಕಾಲು ಜಾರದಿರಲಿ, ಮದುವೆಯಾದ ಮೇಲೆ ಅವಳ ಹೆರಿಗೆ ಸುಸೂತ್ರವಾಗಲಿ ಎಂದು ಬೇಡಿಕೊಳ್ಳುತ್ತಾಳೆ. ಹೆತ್ತ ತಾಯಿಯೂ ಅಷ್ಟು ಬೇಡಿಕೊಳ್ಳುವುದಿಲ್ಲ. ಆ ಹುಡುಗಿ ಒಂದು ಸಲ ಜೋರಾಗಿ ಕೆಮ್ಮಿದರೂ ಅವರು ಯಾರ ಬಾಗಿಲಿಗೆ ಬರುತ್ತಾರೆ ಎನ್ನುವುದು ಅವಳಿಗೆ ಗೊತ್ತಿದೆ.